ಮೋಡದ ಲೆಕ್ಕ

ನನ್ನ ಊರು ತೆಂಗಳಿ. ಕಲಬುರಗಿ ಜಿಲ್ಲೆಯ ಚಿತ್ತಾಪುರ-ಕಾಳಗಿ ಸೀಮೆಯಲ್ಲಿ, ತೊಗರಿ-ಜೋಳಗಳ ಹೊಲಗಳ ನಡುವೆ ಇರುವ ಊರು. ಅಲ್ಲಿ ಮೋಡವೆಂಬ ಮಾತಿಗೆ ಹುಟ್ಟಿನಿಂದಲೂ ಒಂದೇ ಅರ್ಥ. ಮಿರಗದ ಮಳೆ ಬರುವ ಹೊತ್ತಿಗೆ ಊರಿನ ಹಿರಿಯರು ಕಟ್ಟೆಯ ಮೇಲೆ ಕುಳಿತು, ಹಣೆಗೆ ಕೈಯೊಡ್ಡಿ ಮುಗಿಲು ನೋಡುತ್ತಾರೆ. ಮೋಡ ಕಟ್ಟಿದರೆ ಬಿತ್ತನೆ, ಕಟ್ಟದಿದ್ದರೆ ಸಾಲ. ಇಂತಹ ಊರಿನಲ್ಲಿ ಬೆಳೆದ ನನಗೆ, ಮಳೆ ಸುರಿಸದ ಇನ್ನೊಂದು ಮೋಡವೂ ಈ ಲೋಕದಲ್ಲಿ ಇದೆಯೆಂದು ಮನವರಿಕೆ ಮಾಡಿಕೊಟ್ಟವನು ನಮ್ಮೂರಿನವನೇ ಆದ ಒಬ್ಬ ವಿದ್ಯಾರ್ಥಿ. ಆ ಮೋಡದಿಂದ ಭೂಮಿಗೆ ಹಿತವುಂಟೇ, ಅಹಿತವುಂಟೇ ಎಂಬ ಪ್ರಶ್ನೆ ನನ್ನನ್ನು ಒಂದು ವರ್ಷದಿಂದ ಕಾಡುತ್ತಿದೆ. ಕನ್ನಡ ಪಾಠ ಹೇಳುವವನು ಇಂತಹ ವಿಷಯಕ್ಕೆ ಏಕೆ ಕೈಹಾಕಿದನೆಂದು ವಾಚಕರು ಕೇಳಬಹುದು. ನಾನಾಗಿ ಹಾಕಲಿಲ್ಲ, ಹಾಕಬೇಕಾಗಿ ಬಂತು.

ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಇಪ್ಪತ್ತನಾಲ್ಕು ಗಣಕಯಂತ್ರಗಳಿವೆ. ಅವುಗಳಿಗೆ ಹತ್ತು ವರ್ಷ ತುಂಬಿತು. ಹೊಸ ತಂತ್ರಾಂಶಗಳು ಅವುಗಳಿಗೆ ಒಗ್ಗದೆ ಹೋದವು. ಎಲ್ಲವನ್ನೂ ಗುಜರಿಗೆ ಹಾಕಿ ಹೊಸವನ್ನು ಕೊಳ್ಳುವುದೆಂದು ವಿಚಾರವಾಯಿತು. ಅದಕ್ಕೊಂದು ಸಮಿತಿ. ಸಮಿತಿಯಲ್ಲಿ ಬೇರೆ ವಿಭಾಗದವನೊಬ್ಬ ಇರಬೇಕೆಂಬ ನಿಯಮದಿಂದಾಗಿ ನನ್ನ ಹೆಸರು ಸೇರಿತು. ರುಜು ಹಾಕುವುದಷ್ಟೇ ನನ್ನ ಕೆಲಸವೆಂದು ನಾನೂ ತಿಳಿದಿದ್ದೆ.

ಆ ದಿನಗಳಲ್ಲಿ ಈ ಹುಡುಗ ನನ್ನ ಬಳಿಗೆ ಬೇರೊಂದು ಕೆಲಸಕ್ಕಾಗಿ ಬರುತ್ತಿದ್ದ. ಗಣಕ ವಿಜ್ಞಾನದ ವಿದ್ಯಾರ್ಥಿಯಾದರೂ ಭಾಷೆಯಲ್ಲಿ ಆಸಕ್ತಿಯುಳ್ಳವನು. ವಚನಗಳಿಗೆ ಒಂದು ಪದಸೂಚಿ ಸಿದ್ಧಪಡಿಸುವ ಕ್ರಮವಿಧಿಯನ್ನು ಬರೆಯುತ್ತಿದ್ದ. ಯಾವ ಪದ ಎಷ್ಟು ಸಲ ಬಂದಿದೆ, ಎಲ್ಲೆಲ್ಲಿ ಬಂದಿದೆ ಎಂಬುದನ್ನು ಅಕಾರಾದಿಯಾಗಿ ಜೋಡಿಸಿ ಕೊಡುವ ಕೆಲಸ ಅದು. ವಿಭಕ್ತಿ ಪ್ರತ್ಯಯಗಳನ್ನು ಹೇಗೆ ಕಳಚಬೇಕು, ಸಂಧಿಯನ್ನು ಎಲ್ಲಿ ಬಿಡಿಸಬೇಕು ಎಂದು ನನ್ನನ್ನು ಕೇಳುತ್ತಿದ್ದ. ಅವನ ಮನೆಯಲ್ಲಿ ಗಣಕಯಂತ್ರವಿಲ್ಲ. ತಂದೆ ಹೊಲದ ಕೆಲಸದವರು. ಇರುವುದೆಲ್ಲ ಕಾಲೇಜಿನ ಆ ಹಳೆಯ ಯಂತ್ರಗಳೇ. ಅವುಗಳನ್ನು ಗುಜರಿಗೆ ಹಾಕುತ್ತಾರೆಂಬ ಸುದ್ದಿ ಕೇಳಿ ಒಂದು ಸಂಜೆ ಓಡಿಬಂದ.

“ಸರ, ಅವನ್ನ ಗುಜರಿಗಿ ಹಾಕಬ್ಯಾಡ್ರಿ. ಅದ್ರಾಗೇ ನಂದು ಕೆಲ್ಸ ನಡೀತದ.”

“ಹೊಸ ತಂತ್ರಾಂಶ ಅದರಾಗ ಕೂಡೂದಿಲ್ಲ ಅಂತಾರಲ್ಲೋ ತಮ್ಮಾ?”

“ಅದರಾಗ ಯಾಕ ಕೂಡಬೇಕ್ರಿ ಸರ? ಬರ್ರಿ, ತೋರಸ್ತೀನಿ.”

ಹೋಗಿ ನೋಡಿದೆ. ಹಳೆಯ ಯಂತ್ರದ ಮುಂದೆ ಕುಳಿತು ಒಂದು ಬ್ರೌಸರನ್ನು ತೆರೆದ. ಅದರೊಳಗೆ ಅವನ ಕ್ರಮವಿಧಿಯ ಸಾಲುಗಳು ಕಾಣಿಸಿಕೊಂಡವು. ಆಜ್ಞೆ ಕೊಟ್ಟ, ಆ ಹಳೆಯ ಯಂತ್ರ ಗಂಟೆಗಟ್ಟಲೆ ಹೆಣಗುತ್ತಿದ್ದ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಕೆಲಸ ಮಾಡಿದ್ದು ಎದುರಿಗಿದ್ದ ಯಂತ್ರವಲ್ಲ. “ಹಾಗಾದರ ಮಾಡಿದ ಯಂತ್ರ ಎಲ್ಲಿ ಅದ?” ಎಂದು ಕೇಳಿದೆ. “ಎಲ್ಲೋ ಅದರಿ ಸರ. ಮುಂಬೈದಾಗ ಇರಬಹುದು, ಸಿಂಗಾಪುರದಾಗ ಇರಬಹುದು. ನಮ್ಮ ಕಡೆ ಇರೂದು ಇದೊಂದು ಕಿಟಕಿ ಅಷ್ಟೇ” ಎಂದ.

ಇದನ್ನೇ ಈಗ ಕ್ಲೌಡ್ ಎನ್ನುತ್ತಾರೆ. ತಂತ್ರಾಂಶ ಬರೆಯುವವನಿಗೆ ಬೇಕಾದ ಸಂಪಾದಕ, ಸಂಕಲನ ಸಾಧನ, ಪರೀಕ್ಷಾ ಸಾಧನ ಎಲ್ಲವೂ ದೂರದ ದತ್ತಾಂಶ ಕೇಂದ್ರದ ಯಂತ್ರವೊಂದರಲ್ಲಿ ಇರುತ್ತವೆ; ಬರೆಯುವವನ ಮೇಜಿನ ಮೇಲೆ ಕಿಟಕಿಯೊಂದಿದ್ದರೆ ಸಾಕು. 2017ರಿಂದ ಸಾರ್ವಜನಿಕರಿಗೆ ದೊರೆಯುತ್ತಿರುವ ಗೂಗಲ್ ಕೊಲ್ಯಾಬ್, 2020ರಲ್ಲಿ ಪ್ರಕಟವಾದ ಗಿಟ್‌ಹಬ್ ಕೋಡ್‌ಸ್ಪೇಸಸ್ ಮೊದಲಾದವು ಈ ಬಗೆಯವು. ಹೆಸರು ಹೊಸದು; ವಿಚಾರ ಹೊಸದಲ್ಲ. 1961ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಶತಮಾನೋತ್ಸವದಲ್ಲಿ ಮಾತನಾಡುತ್ತ ಜಾನ್ ಮೆಕಾರ್ಥಿ ಎಂಬ ವಿಜ್ಞಾನಿ, ದೂರವಾಣಿಯಂತೆ ಗಣನೆಯೂ ಒಂದು ದಿನ ಸಾರ್ವಜನಿಕ ಸೌಲಭ್ಯವಾಗಬಹುದು ಎಂದಿದ್ದರು. ಅದೇ ವರ್ಷ ನವೆಂಬರಿನಲ್ಲಿ ಅದೇ ಸಂಸ್ಥೆಯಲ್ಲಿ ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ಕಾಲಹಂಚಿಕೆಯ ವ್ಯವಸ್ಥೆಯನ್ನು ತೋರಿಸಲಾಯಿತು. ಆಗ ಯಂತ್ರಗಳು ಬಹಳ ತುಟ್ಟಿ, ಆದುದರಿಂದ ಹಂಚಿಕೊಳ್ಳುತ್ತಿದ್ದರು. ಅನಂತರ ಅಗ್ಗವಾದವು, ಆದುದರಿಂದ ಪ್ರತಿಯೊಬ್ಬನೂ ತನ್ನದನ್ನು ಕೊಂಡ. ಅವು ಅಗ್ಗವಾದದ್ದು ಕೊಳ್ಳುವವನಿಗೆ ಮಾತ್ರ, ಭೂಮಿಗೆ ಅಲ್ಲ ಎಂಬುದು ಈಗ ನಮಗೆ ತಿಳಿಯುತ್ತಿದೆ.

ನನಗೆ ಇದನ್ನು ಅರ್ಥಮಾಡಿಕೊಳ್ಳಲು ಊರಿನ ಗಿರಣಿ ನೆರವಾಯಿತು. ನನ್ನ ಅಜ್ಜಿಯ ಕಾಲದಲ್ಲಿ ಮನೆಮನೆಗೂ ಬೀಸುವ ಕಲ್ಲು. ಗಿರಣಿ ಬಂದ ಮೇಲೆ ಹೆಂಗಸರು ಜೋಳದ ಬುಟ್ಟಿ ಹೊತ್ತು ಅಲ್ಲಿಗೆ ಹೋಗಿ ಪಾಳಿಯಲ್ಲಿ ಇಟ್ಟು ಬರುತ್ತಿದ್ದರು. ಮನೆಗೊಂದು ಎಂಜಿನು ಇಟ್ಟುಕೊಳ್ಳಬೇಕೆಂದು ಯಾರಿಗೂ ತೋರಲಿಲ್ಲ. ದಿನಕ್ಕೆ ಅರ್ಧ ಗಂಟೆಯ ಕೆಲಸಕ್ಕೆ ಇಡೀ ಎಂಜಿನು ಏಕೆ? ಹತ್ತು ಬುಟ್ಟಿ ಕೂಡಿದ ಮೇಲೆ ಗಿರಣಿಯವನು ಪಟ್ಟಾ ಹಾಕುತ್ತಿದ್ದ; ಒಂದೇ ಬುಟ್ಟಿಗೆ ಎಂಜಿನು ತಿರುಗಿಸಿದರೆ ಎಣ್ಣೆಯ ಖರ್ಚೂ ಹುಟ್ಟುವುದಿಲ್ಲವೆಂದು ಬೈಯುತ್ತಿದ್ದ. ಈ ಗಿರಣಿಯವನ ಲೆಕ್ಕವೇ ಮೋಡದ ಲೆಕ್ಕ.

ಇನ್ನೂ ಹಿಂದಕ್ಕೆ ಹೋದರೆ ಚಿತ್ತಾಪುರದ ಮಗ್ಗುಲಲ್ಲೇ ಇರುವ ನಾಗಾವಿಯ ನೆನಪಾಗುತ್ತದೆ. ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ, 1058ರ ಶಾಸನ ಅಲ್ಲಿಯ ಘಟಿಕಾಸ್ಥಾನವನ್ನು ವರ್ಣಿಸುತ್ತದೆ. ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು, ವೇದಶಾಸ್ತ್ರಗಳಿಗೆ ಉಪಾಧ್ಯಾಯರು, ಅವರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು. ಸರಸ್ವತೀ ಭಂಡಾರವೆಂದರೆ ಗ್ರಂಥಾಲಯ. ಪ್ರತಿಯೊಬ್ಬ ವಿದ್ಯಾರ್ಥಿಯೂ ತಾಡೋಲೆಯ ಕಟ್ಟುಗಳನ್ನು ತನ್ನದಾಗಿ ಇಟ್ಟುಕೊಳ್ಳುವುದು ಸಾಧ್ಯವಿರಲಿಲ್ಲ; ಎಲ್ಲರಿಗೂ ಸೇರಿ ಒಂದು ಭಂಡಾರ, ಅದನ್ನು ಕಾಯಲು ಆರು ಮಂದಿ. ವಿದ್ಯೆಯ ಸಾಧನವನ್ನು ಹಂಚಿಕೊಳ್ಳುವುದು ಈ ಸೀಮೆಗೆ ಹೊಸದೇನಲ್ಲ. ಆದರೆ ಕಾಯುವವರು ಬೇಕೆಂಬುದನ್ನೂ ಆ ಶಾಸನ ಮರೆಯಲಿಲ್ಲ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಹಂಚಿಕೆಯಿಂದ ಪರಿಸರಕ್ಕೆ ಆಗುವ ಮೊದಲನೆಯ ಲಾಭ, ಹೊಸ ಯಂತ್ರವನ್ನು ಮಾಡದೆ ಇರುವುದು. ಸಿಮೆಂಟಿನ ಸೀಮೆಯವರಾದ ನಮಗೆ ಇದು ಬೇಗ ತಿಳಿಯಬೇಕು. ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳಲ್ಲಿ ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ಸಿಮೆಂಟಿನ ಚೀಲ ಮನೆಯ ಬಾಗಿಲಿಗೆ ಬರುವ ಮುನ್ನವೇ ಅದರ ಹೊಗೆ ಮುಗಿಲಿಗೆ ಸೇರಿರುತ್ತದೆ. ಚೀಲ ಕಟ್ಟಿದ ಮೇಲೆ ಎಷ್ಟು ಮಿತವಾಗಿ ಬಳಸಿದರೂ ಆ ಹೊಗೆ ಹಿಂತಿರುಗದು. ಗಣಕಯಂತ್ರದ ಕಥೆಯೂ ಇದೇ. ಮಡಿಲಮೇಲಿನ ಗಣಕ, ಅಂದರೆ ಲ್ಯಾಪ್‌ಟಾಪು, ತನ್ನ ಆಯುಷ್ಯದಲ್ಲಿ ಹೊರಗೆಡಹುವ ಇಂಗಾಲದ ಬಹುಪಾಲು, ಅದನ್ನು ಮಾಡುವಾಗಲೇ ಹೊರಬಿದ್ದಿರುತ್ತದೆಂದು ತಯಾರಕರ ವರದಿಗಳೇ ಹೇಳುತ್ತವೆ. ತಾಮ್ರ, ಚಿನ್ನ, ಸಿಲಿಕಾನ್, ಅಲ್ಯೂಮಿನಿಯಂ ಇವನ್ನೆಲ್ಲ ಅಗೆದು, ಕರಗಿಸಿ, ಶುದ್ಧಗೊಳಿಸುವಾಗ ಸುಟ್ಟ ಕಲ್ಲಿದ್ದಲು ಅದರ ಬೆನ್ನ ಮೇಲಿದೆ. ಹಳೆಯ ಯಂತ್ರವನ್ನು ಇನ್ನೈದು ವರ್ಷ ಬಳಸಿದರೆ ಆ ಭಾರ ಅಷ್ಟು ಹೆಚ್ಚು ದಿನಗಳಿಗೆ ಹಂಚಿಹೋಗುತ್ತದೆ.

ಎರಡನೆಯದು ಕಸ. ವಿಶ್ವಸಂಸ್ಥೆಯ ಅಂಗಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್ನು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದು ನೂರಕ್ಕೆ 22.3 ಭಾಗ ಮಾತ್ರ. ಉಳಿದದ್ದರಲ್ಲಿ ಬಹಳಷ್ಟು ಸಂದಿಗೊಂದಿಗಳಲ್ಲಿ ತಂತಿ ಸುಟ್ಟು ತಾಮ್ರ ತೆಗೆಯುವವರ ಕೈ ಸೇರುತ್ತದೆ. ಆ ಹೊಗೆಯಲ್ಲಿ ಸೀಸವುಂಟು, ವಿಷವುಂಟು. ನಮ್ಮ ರಾಜ್ಯದ ದಾಬಸಪೇಟೆಯಲ್ಲಿ ಇಂತಹ ಕಸವನ್ನು ವಿಧಿಬದ್ಧವಾಗಿ ಬಿಚ್ಚಿ ಲೋಹ ಬೇರ್ಪಡಿಸುವ ಘಟಕವುಂಟು. ಆದರೆ ಗುಜರಿಯವನ ತಕ್ಕಡಿ ನಮ್ಮ ಕಾಲೇಜಿನ ಗೇಟಿಗೆ ಅದಕ್ಕಿಂತ ಹತ್ತಿರ.

ಮೂರನೆಯದು, ಸುಮ್ಮನೆ ಕುಳಿತ ಯಂತ್ರಗಳ ಸಂಗತಿ. ಯಂತ್ರ ಕೆಲಸ ಮಾಡದೆ ಚಾಲೂ ಇದ್ದಾಗಲೂ ವಿದ್ಯುತ್ತನ್ನು ಕುಡಿಯುತ್ತಲೇ ಇರುತ್ತದೆ. ಅಮೆರಿಕದ ಪರಿಸರ ಸಂಸ್ಥೆ ಎನ್‌ಆರ್‌ಡಿಸಿ 2014ರಲ್ಲಿ ನಡೆಸಿದ ವಿಮರ್ಶೆಯಲ್ಲಿ, ಸಾಧಾರಣ ಸರ್ವರೊಂದು ತನ್ನ ಶಕ್ತಿಯ ನೂರಕ್ಕೆ 12ರಿಂದ 18 ಭಾಗವನ್ನಷ್ಟೇ ಬಳಸುತ್ತದೆಂದು ತಿಳಿದುಬಂದಿತು. ಹಲವರ ಕೆಲಸವನ್ನು ಒಂದೇ ಯಂತ್ರದ ಮೇಲೆ ಕೂಡಿಸಿದರೆ ಈ ಪೋಲು ಇಳಿಯುತ್ತದೆ. ಇದಲ್ಲದೆ, ಯಂತ್ರಗಳನ್ನು ತಂಪಾಗಿಡುವ ಖರ್ಚೂ ಉಂಟು. ದತ್ತಾಂಶ ಕೇಂದ್ರಗಳಲ್ಲಿ ಸರಾಸರಿಯಾಗಿ ಗಣನೆಗೆ ಒಂದು ಯೂನಿಟ್ಟು ವ್ಯಯವಾದರೆ ತಂಪು ಮೊದಲಾದವುಗಳಿಗೆ ಮತ್ತೆ ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು ವ್ಯಯವಾಗುತ್ತದೆ. ಅತಿ ದೊಡ್ಡ ಕೇಂದ್ರಗಳಲ್ಲಿ ಉತ್ತಮವಾದವು ಇದನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಿವೆ. 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, 2010ರಿಂದ 2018ರ ನಡುವೆ ದತ್ತಾಂಶ ಕೇಂದ್ರಗಳ ಗಣನೆಯ ಪ್ರಮಾಣ ಆರೂವರೆ ಪಟ್ಟಾದರೂ ಅವುಗಳ ವಿದ್ಯುತ್ ಬಳಕೆ ನೂರಕ್ಕೆ 6ರಷ್ಟು ಮಾತ್ರ ಏರಿತು. ಚಿಕ್ಕ ಚಿಕ್ಕ ಕೋಣೆಗಳಿಂದ ದೊಡ್ಡ ಕೇಂದ್ರಗಳಿಗೆ ಕೆಲಸ ಸಾಗಿದ್ದು ಅದಕ್ಕೆ ಒಂದು ಮುಖ್ಯ ಕಾರಣ.

ಇಷ್ಟನ್ನು ಓದಿಕೊಂಡು ನಾನು ಸಮಿತಿಗೆ ಹೋದೆ. ಅಲ್ಲಿ ಗಣಕ ವಿಭಾಗದ ಸಹೋದ್ಯೋಗಿಯೊಬ್ಬರು ಒಂದು ಸರಿಯಾದ ಆಕ್ಷೇಪವನ್ನೆತ್ತಿದರು. “ಹಳೇ ಯಂತ್ರ ಕರೆಂಟ್ ಹೆಚ್ಚು ತಿಂತಾವಲ್ರಿ? ಹೊಸವು ಕಡಿಮಿ ತಿಂತಾವ. ಉಳಿಸಿ ಏನು ಲಾಭ?” ಉತ್ತರ ನನಗೆ ತೋಚಲಿಲ್ಲ. ಆ ರಾತ್ರಿ ಹುಡುಗನನ್ನು ಕರೆದು ಇಬ್ಬರೂ ಲೆಕ್ಕಕ್ಕೆ ಕುಳಿತೆವು. ಲೆಕ್ಕ ಅಂದಾಜಿನದು, ಆದರೂ ದಾರಿ ತೋರಿಸುವಂಥದು.

ಇಪ್ಪತ್ತನಾಲ್ಕರಲ್ಲಿ ಹದಿನಾರು ಯಂತ್ರಗಳು ದುರಸ್ತಿಗೆ ಬರುವಂತಿದ್ದವು. ಹಳೆಯದು 100 ವ್ಯಾಟ್, ಹೊಸದು 40 ವ್ಯಾಟ್ ಎಂದು ಹಿಡಿದೆವು. ದಿನಕ್ಕೆ 4 ಗಂಟೆ, ವರ್ಷಕ್ಕೆ 200 ದಿನ. ಹಾಗಾದರೆ ಹಳೆಯವನ್ನು ಉಳಿಸಿಕೊಂಡದ್ದಕ್ಕೆ ವರ್ಷಕ್ಕೆ 768 ಯೂನಿಟ್ಟು ಹೆಚ್ಚು. ದೂರದ ಕೇಂದ್ರದಲ್ಲಿ ಒಬ್ಬೊಬ್ಬನ ಪಾಲಿಗೆ 10 ವ್ಯಾಟ್ ಎಂದರೆ ಮತ್ತೆ 128 ಯೂನಿಟ್ಟು. ಒಟ್ಟು 896. ನಮ್ಮ ದೇಶದ ವಿದ್ಯುತ್ತಿನಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡು. ಎಂದರೆ ವರ್ಷಕ್ಕೆ ಸುಮಾರು 627 ಕಿಲೋ. ಇತ್ತ ಹೊಸ ಯಂತ್ರ ಒಂದನ್ನು ಮಾಡಲು 200 ಕಿಲೋ ಎಂದು ಹಿಡಿದರೆ ಹದಿನಾರಕ್ಕೆ 3200 ಕಿಲೋ. ಭಾಗಿಸಿದರೆ ಐದು ವರ್ಷ.

ಈ ಐದೆಂಬ ಅಂಕಿ ನಮ್ಮಿಬ್ಬರನ್ನೂ ಸುಮ್ಮನಾಗಿಸಿತು. ಹಳೆಯದನ್ನು ಉಳಿಸುವುದು ಸರಿ. ಆದರೆ ಎಂದೆಂದಿಗೂ ಅಲ್ಲ. ಐದು ವರ್ಷ ಮೀರಿದರೆ ನಮ್ಮ ಮಿತವ್ಯಯವೇ ದುಂದಾಗುತ್ತದೆ. ಮೋಡವನ್ನು ಹೊಗಳಿ ಬರೆಯುವವರು ಹೇಳದ ಇನ್ನೊಂದು ಸಂಗತಿಯೂ ಈ ಲೆಕ್ಕದಲ್ಲಿತ್ತು. ಹಳೆಯದನ್ನು ಉಳಿಸಿಕೊಂಡರೆ ಮಾತ್ರ ಲಾಭ. ಹೊಸ ಯಂತ್ರವನ್ನೂ ಕೊಂಡು ಮೋಡವನ್ನೂ ಬಳಸಿದರೆ ಎರಡು ಭಾರ. ಗಿರಣಿಯೂ ಬಂತು, ಮನೆಯಲ್ಲಿ ಎಂಜಿನೂ ಬಂತು ಎಂದಂತೆ.

ಇದಾದ ಕೆಲವು ದಿನಗಳಿಗೆ ಹುಡುಗ ಸಪ್ಪೆ ಮೋರೆ ಮಾಡಿಕೊಂಡು ಬಂದ. ಅವನು ಬಳಸುತ್ತಿದ್ದ ಸೇವೆಯಲ್ಲಿ ತಿಂಗಳಿಗೆ 60 ಗಂಟೆ ಉಚಿತ. ತಿಂಗಳು ಆರಂಭವಾಗಿ ಹತ್ತು ದಿನವಷ್ಟೇ ಆಗಿತ್ತು, ಅರವತ್ತೂ ಮುಗಿದಿದ್ದವು. ಪದಸೂಚಿ ‘ಕ’ಕಾರದಲ್ಲೇ ನಿಂತಿತ್ತು.

“ದಿನಾ ಎರಡು ತಾಸಿನ ಮ್ಯಾಲ ಕುಂತಿಲ್ಲರಿ ಸರ. ಅರವತ್ತು ಹ್ಯಾಂಗ ಆತು ತಿಳೀವಲ್ದು” ಎಂದ.

ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಳಸುವವನು ಎದ್ದುಹೋದ ಅರ್ಧ ಗಂಟೆಗೆ ದೂರದ ಯಂತ್ರ ತಾನೇ ನಿಲ್ಲುವಂತೆ ಏರ್ಪಾಡಿತ್ತು. ನಡುವೆ ಕರೆಂಟು ಹೋದಾಗ ಕೆಲಸ ಕಡಿಯಬಾರದೆಂದು ಈತ ಆ ಅವಧಿಯನ್ನು ನಾಲ್ಕು ಗಂಟೆಗೆ ಏರಿಸಿದ್ದ. ಪ್ರತಿ ಸಂಜೆ ಬ್ರೌಸರನ್ನು ಮುಚ್ಚಿ, ಯಂತ್ರವನ್ನು ನಿಲ್ಲಿಸದೆ ಬಸ್ಸಿಗೆ ಓಡುತ್ತಿದ್ದ. ಅವನು ತೆಂಗಳಿ ಮುಟ್ಟಿ, ರೊಟ್ಟಿ ಉಂಡು ಮಲಗುವವರೆಗೂ ಕಾಣದ ದೇಶದ ಯಂತ್ರ ಅವನಿಗಾಗಿ ಎಚ್ಚರವಾಗಿತ್ತು. ಎರಡು ಗಂಟೆ ಕೆಲಸ, ನಾಲ್ಕು ಗಂಟೆ ಕಾವಲು. ಹತ್ತು ದಿನಕ್ಕೆ ಇಪ್ಪತ್ತು ಮತ್ತು ನಲವತ್ತು.

“ನಳ ಬಂದ್ ಮಾಡಲಾರದ ಬಂದಂಗಾತ್ರಿ ಸರ” ಎಂದು ತಲೆ ತಗ್ಗಿಸಿದ.

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಎದುರಿಗೆ ದೀಪ ಉರಿದರೆ ಆರಿಸುತ್ತೇವೆ. ಫ್ಯಾನು ತಿರುಗಿದರೆ ನಿಲ್ಲಿಸುತ್ತೇವೆ. ಕಣ್ಣಿಗೆ ಕಾಣದ್ದನ್ನು ನಿಲ್ಲಿಸಬೇಕೆಂದು ಯಾರು ನೆನಪಿಸುತ್ತಾರೆ? ಮೋಡದ ಗುಣವೂ ದೋಷವೂ ಇಲ್ಲೇ ಇದೆ. ಹೊಗೆ ನಮ್ಮ ಕಣ್ಣಿಗೆ ಬೀಳದಷ್ಟು ದೂರ ಸರಿದಿದೆ, ಇಲ್ಲವಾಗಿಲ್ಲ. ನಾಗಾವಿಯ ಭಂಡಾರಕ್ಕೆ ಆರು ಮಂದಿ ಕಾವಲಿದ್ದರು. ನಮ್ಮ ಭಂಡಾರಕ್ಕೆ ಭಂಡಾರಿಗರು ನಾವೇ ಆಗಬೇಕು.

ಇದು ಒಬ್ಬ ಹುಡುಗನ ಮರೆವಿನ ಮಾತು ಮಾತ್ರವಲ್ಲ. 1865ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ ಕಲ್ಲಿದ್ದಲಿನ ಬಗ್ಗೆ ಬರೆಯುತ್ತ ಒಂದು ವಿಚಿತ್ರವನ್ನು ಎತ್ತಿ ತೋರಿಸಿದ. ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡುವಂತೆ ಸುಧಾರಿಸಿದಷ್ಟೂ ದೇಶದ ಒಟ್ಟು ಕಲ್ಲಿದ್ದಲಿನ ಖರ್ಚು ಹೆಚ್ಚಿತೇ ವಿನಾ ಇಳಿಯಲಿಲ್ಲ. ಸುಲಭವಾದದ್ದನ್ನು ಮನುಷ್ಯ ಹೆಚ್ಚು ಬಳಸುತ್ತಾನೆ. ಗಣನೆಯಲ್ಲೂ ಈಗ ಅದೇ ನಡೆಯುತ್ತಿದೆ. 2018ರವರೆಗೆ ಹೆಚ್ಚುಕಡಿಮೆ ಸಮವಾಗಿದ್ದ ದತ್ತಾಂಶ ಕೇಂದ್ರಗಳ ವಿದ್ಯುತ್ ಬಳಕೆ ಅನಂತರ ಏರತೊಡಗಿತು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಅದು 415 ಟೆರಾವ್ಯಾಟ್ ಗಂಟೆ, ಅಂದರೆ ಜಗತ್ತಿನ ವಿದ್ಯುತ್ತಿನಲ್ಲಿ ನೂರಕ್ಕೆ ಒಂದೂವರೆ ಪಾಲು. 2030ರ ಹೊತ್ತಿಗೆ ಅದು 945ಕ್ಕೆ ಮುಟ್ಟಬಹುದೆಂದು ಅದೇ ಸಂಸ್ಥೆ ಹೇಳುತ್ತದೆ. ಕೃತಕ ಬುದ್ಧಿಮತ್ತೆಯ ಭರಾಟೆಯೇ ಅದಕ್ಕೆ ಹಿರಿಯ ಕಾರಣ.

ನೀರಿನ ಮಾತೂ ಉಂಟು. ಅನೇಕ ದತ್ತಾಂಶ ಕೇಂದ್ರಗಳು ನೀರನ್ನು ಆವಿಯಾಗಿಸಿ ತಂಪು ಪಡೆಯುತ್ತವೆ. 2024ರ ಬೇಸಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿದ್ದನ್ನು ಕಂಡವರಿಗೆ ಇದು ಅಲ್ಪ ಸಂಗತಿಯಲ್ಲ. ಬೇಸಗೆಯ ಬವಣೆಯನ್ನು ಹುಟ್ಟಿನಿಂದ ಬಲ್ಲ ನಮಗಂತೂ ಅಲ್ಲವೇ ಅಲ್ಲ. ವಿದ್ಯುತ್ತು ಎಲ್ಲಿಂದ ಬರುತ್ತದೆಂಬುದೂ ಮುಖ್ಯ. ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲಿನಿಂದ ಬಂದ ಯೂನಿಟ್ಟೂ ಪಾವಗಡದ 2050 ಮೆಗಾವ್ಯಾಟ್ ಸೌರ ಉದ್ಯಾನದ ಬಿಸಿಲಿನಿಂದ ಬಂದ ಯೂನಿಟ್ಟೂ ಬಿಲ್ಲಿನಲ್ಲಿ ಒಂದೇ, ಮುಗಿಲಿನಲ್ಲಿ ಬೇರೆ. ನಮ್ಮ ಹೆಣ್ಣುಮಕ್ಕಳು ಹಪ್ಪಳ-ಸಂಡಿಗೆಯನ್ನು ಬಿಸಿಲು ನೋಡಿ ಹಾಕುತ್ತಾರೆ. ಅವಸರವಿಲ್ಲದ ಗಣನೆಯನ್ನೂ ಹಾಗೆಯೇ ನಡುಹಗಲಿಗೆ, ಅಥವಾ ಬಿಸಿಲು-ಗಾಳಿಯ ವಿದ್ಯುತ್ತು ಹೇರಳವಾಗಿರುವ ಊರಿನ ಕೇಂದ್ರಕ್ಕೆ ಸಾಗಿಸಬಹುದು. ಮೇಜಿನ ಮೇಲಿನ ಯಂತ್ರಕ್ಕೆ ಈ ಸ್ವಾತಂತ್ರ್ಯವಿಲ್ಲ, ಮೋಡಕ್ಕುಂಟು. ಇದು ಅದರ ನಿಜವಾದ ಹೆಚ್ಚುಗಾರಿಕೆ. ಅದನ್ನು ಬಳಸಿಕೊಳ್ಳುವುದೂ ಬಿಡುವುದೂ ಕೇಂದ್ರ ನಡೆಸುವವರ ಕೈಯಲ್ಲಿದೆ. ಕೇಳುವ ಹಕ್ಕು ಮಾತ್ರ ಬಳಸುವವರ ಕೈಯಲ್ಲಿದೆ.

ಕೊನೆಗೆ ನಮ್ಮ ಸಮಿತಿ ಒಂದು ತೀರ್ಮಾನಕ್ಕೆ ಬಂತು. ಹದಿನಾರು ಹಳೆಯ ಯಂತ್ರಗಳಿಗೆ ಹಗುರವಾದ ಲಿನಕ್ಸ್ ಹಾಕಿ ಉಳಿಸಿಕೊಳ್ಳುವುದು. ಐದು ವರ್ಷದ ಬಳಿಕ ಮತ್ತೆ ಲೆಕ್ಕ ನೋಡುವುದು. ದುರಸ್ತಿಗೆ ಬಾರದ ಎಂಟನ್ನು ತಕ್ಕಡಿಯವನಿಗೆ ಕೊಡದೆ, ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸುವುದು. ಅಂತರಜಾಲ ಕಡಿದುಹೋದ ದಿನ ಪಾಠ ನಿಲ್ಲಬಾರದೆಂದು ನಾಲ್ಕು ಹೊಸ ಯಂತ್ರಗಳನ್ನು ಮಾತ್ರ ಕೊಳ್ಳುವುದು. ಮಳೆಗಾಲದಲ್ಲಿ ತಂತಿ ಹರಿದರೆ ಎರಡೆರಡು ದಿನ ಜಾಲವಿಲ್ಲದಿರುವುದು ನಮಗೆ ಹೊಸದಲ್ಲ; ಆಗ ಮೋಡ ಎಷ್ಟು ದೊಡ್ಡದಾದರೂ ಕಿಟಕಿ ಕುರುಡು. ಆಕ್ಷೇಪವೆತ್ತಿದ್ದ ಸಹೋದ್ಯೋಗಿಯೇ ಮೊದಲು ರುಜು ಹಾಕಿದರು. ನಾನು ಕೊನೆಗೆ ಹಾಕಿದೆ. ಈ ಸಲ ಓದಿ ಹಾಕಿದೆ.

ಪ್ರಯೋಗಶಾಲೆಯ ಬಾಗಿಲಿಗೆ ಈಗ ಒಂದು ಹಾಳೆ ಅಂಟಿಸಿದೆ. ಬರೆದವನು ಆ ಹುಡುಗನೇ. “ಇಲ್ಲಿಯ ದೀಪ ಆರಿಸಿದಿರಾ? ಅಲ್ಲಿಯ ಯಂತ್ರ ನಿಲ್ಲಿಸಿದಿರಾ?” ಎರಡನೆಯ ಪ್ರಶ್ನೆಯ ಕೆಳಗೆ ಕೆಂಪು ಗೆರೆ ಎಳೆದಿದ್ದಾನೆ. ಮರುತಿಂಗಳು ಅವನ ಅರವತ್ತು ಗಂಟೆಗಳು ಕೊನೆಯ ವಾರದವರೆಗೂ ಸಾಕಾದವು. ಪದಸೂಚಿ ‘ಳ’ಕಾರ ಮುಟ್ಟಿತು. ಅದರ ಅಚ್ಚುಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು, ಹಾಳೆಯ ಎರಡೂ ಮಗ್ಗುಲಿಗೆ ಮುದ್ರಿಸಿದ್ದೇನೆಂದು ತಾನಾಗಿಯೇ ಹೇಳಿದ.

ಕಳೆದ ಮಿರಗಕ್ಕೆ ಊರಿಗೆ ಹೋಗಿದ್ದೆ. ಕಟ್ಟೆಯ ಮೇಲೆ ಅವನ ತಂದೆ ಸಿಕ್ಕರು. ಮಗ ಏನು ಓದುತ್ತಾನೆಂದು ಕೇಳಿದರು. ಮೋಡದಲ್ಲಿ ಕೆಲಸ ಮಾಡುತ್ತಾನೆಂದು ಹೇಳಿದೆ. ಅವರು ನಕ್ಕು ಮುಗಿಲಿನ ಕಡೆ ಕೈ ತೋರಿಸಿದರು. “ಅಲ್ಲೇನರ ಸಿಕ್ಕರ ನಮ್ಮ ಕಡೀಗೂ ಒಂದೀಟು ಕಳಸು ಅಂತ ಹೇಳ್ರಿ ಮಾಸ್ತರ” ಎಂದರು. ಆ ಹೊತ್ತಿಗೆ ಪಡುವಣದಲ್ಲಿ ಒಂದು ಕರಿಯ ಮೋಡ ನಿಧಾನವಾಗಿ ಏರುತ್ತಿತ್ತು. ಇಬ್ಬರೂ ಮಾತು ಬಿಟ್ಟು ಅದನ್ನೇ ನೋಡುತ್ತ ಕುಳಿತೆವು.